ನಿಲ್ಲಿಸಬಾರದ ಸರ್ವರ್

ನಮ್ಮ ವಿಭಾಗದ ಮುಖ್ಯಸ್ಥನಿಗೆ ನಾವಿಟ್ಟ ಹೆಸರು ಸ್ಥಿರಮೂರ್ತಿ. ಬಾಯಿ ತೆರೆದರೆ ಸ್ಥಿರತೆ. ಸಿಸ್ಟಮ್ ಸ್ಥಿರವಾಗಿರಬೇಕು, ತಂಡ ಸ್ಥಿರವಾಗಿರಬೇಕು, ಕಾಫಿ ಯಂತ್ರವೂ ಸ್ಥಿರವಾಗಿರಬೇಕು. ಅವನು ಕೋಡ್ ಬರೆದು ಎಷ್ಟು ಕಾಲವಾಗಿತ್ತೋ ಅವನ ಕೀಬೋರ್ಡಿಗೂ ನೆನಪಿರಲಿಲ್ಲ. ಅವನ ವಿದ್ಯೆಯೆಲ್ಲ ಬಾಗಿಲ ಪಕ್ಕದ ಒಂದು ಬಿಳಿ ಹಲಗೆಯ ಮೇಲಿತ್ತು. ಸರ್ವರ್ ಒಮ್ಮೆಯೂ ನಿಲ್ಲದೆ ಓಡಿದ ದಿನಗಳ ಸಂಖ್ಯೆಯನ್ನು ಬೆಳಿಗ್ಗೆ ಬಂದವನೇ ಸ್ವಹಸ್ತದಿಂದ ತಿದ್ದುತ್ತಿದ್ದ. ತಿದ್ದಿ, ಹಿಂದೆ ಸರಿದು, ಮಗುವಿಗೆ ಮೊದಲ ಹಲ್ಲು ಬಂದದ್ದನ್ನು ನೋಡುವ ಅಪ್ಪನ ಹಾಗೆ ನೋಡುತ್ತಿದ್ದ. ಯಾವ ವಿಭಾಗದ ಸಂಖ್ಯೆ ದೊಡ್ಡದೋ ಅದಕ್ಕೆ ನಿರ್ದೇಶಕರ ಕೈಯಿಂದ ಗಾಜಿನ ಫಲಕ ಸಿಗುವುದಿತ್ತು.

ಆ ಸರ್ವರಿನ ಮೇಲೆ ಓಡುತ್ತಿದ್ದದ್ದು ಒಂದು ಕಣ್ಣಾಸ್ಪತ್ರೆಗಾಗಿ ಜಾವಾದಲ್ಲಿ ಬರೆದ ವೆಬ್ ಅಪ್ಲಿಕೇಶನ್. ದಾನವಾಗಿ ಬರುವ ಕಾರ್ನಿಯಾಕ್ಕೆ, ಅಂದರೆ ಕಣ್ಣಿನ ಮುಂದಿನ ಗಾಜಿನಂಥ ಪದರಕ್ಕೆ, ಕಾಯುತ್ತಿರುವವರ ಸರದಿಯನ್ನು ಅದು ನೋಡಿಕೊಳ್ಳುತ್ತಿತ್ತು. ಅದರಲ್ಲಿ ತಾವಾಗಿಯೇ ನಡೆಯಬೇಕಾದ ಕೆಲಸಗಳು ಎರಡು. ಮೊದಲನೆಯದು ದಿನಾ ಬೆಳಿಗ್ಗೆ ಎದ್ದು, ಹಿಂದಿನ ಮೆಸೇಜಿಗೆ ವಾರ ತುಂಬಿದವರಿಗೆಲ್ಲ 'ಕರೆದರೆ ಬರಲು ಸಿದ್ಧರಿದ್ದೀರಾ' ಎಂದು ಮೆಸೇಜ್ ಕಳಿಸಬೇಕು. ಎರಡನೆಯದು ಶನಿವಾರ ಸಂಜೆ ಎದ್ದು, ಮೂರು ವಾರ ಉತ್ತರ ಕೊಡದವರನ್ನು ಸರದಿಯ ಬಾಲಕ್ಕೆ ತಳ್ಳಬೇಕು. ಒಂದು ಕೇಳುತ್ತದೆ, ಇನ್ನೊಂದು ತಳ್ಳುತ್ತದೆ. ಒಂದರ ಸುದ್ದಿ ಇನ್ನೊಂದಕ್ಕೆ ಗೊತ್ತಿಲ್ಲ.

ಹೊತ್ತಿಗೆ ಸರಿಯಾಗಿ ಅವನ್ನು ಎಬ್ಬಿಸುವುದಕ್ಕೆ ಜಾವಾದ ಶೆಡ್ಯೂಲರ್ ಇದೆ. ಅದಕ್ಕೊಂದು ಕೆಟ್ಟ ಗುಣ. ಎಬ್ಬಿಸಿದ ಕೆಲಸ ಒಮ್ಮೆ ಎಡವಿ ಬಿದ್ದು, ಬಿದ್ದದ್ದನ್ನು ತಾನೇ ಸಂಭಾಳಿಸಿಕೊಳ್ಳದಿದ್ದರೆ, ಶೆಡ್ಯೂಲರ್ ಮತ್ತೆ ಅದರ ಮುಖ ನೋಡುವುದಿಲ್ಲ. ಕೂಗುವುದಿಲ್ಲ, ದೂರುವುದಿಲ್ಲ, ಸುಮ್ಮನೆ ಮರೆತುಬಿಡುತ್ತದೆ. ಸರ್ವರ್ ನಿಲ್ಲಿಸಿ ಹೊಸದಾಗಿ ಶುರು ಮಾಡಿದಾಗಲೇ ಆ ಕೆಲಸಕ್ಕೆ ಮರುಜನ್ಮ.

ಸರ್ವರ್ ನೋಡಿಕೊಳ್ಳಲು ಹಿಂದೆ ಇದ್ದ ಅಡ್ಮಿನ್ ಪ್ರತಿ ಸೋಮವಾರ ಬೆಳಿಗ್ಗೆ ಸರ್ವರ್ ನಿಲ್ಲಿಸಿ ಶುರು ಮಾಡುತ್ತಿದ್ದ. ಯಾಕೆ ಎಂದರೆ ಭುಜ ಹಾರಿಸುತ್ತಿದ್ದ. ಮಾತ್ರೆ ಕೊಟ್ಟ, ರೋಗ ಏನೆಂದು ಹೇಳದೆ ಹೋದ ಮಹಾನುಭಾವ. ಅವನು ಕೆಲಸ ಬಿಟ್ಟ ಮೇಲೆ ಸ್ಥಿರಮೂರ್ತಿ, "ಇದೆಲ್ಲ ಮೂಢನಂಬಿಕೆ, ಇನ್ಮೇಲೆ ಸರ್ವರ್ ಮುಟ್ಟೋ ಹಾಗಿಲ್ಲ" ಎಂದು ಘೋಷಿಸಿ ಹಲಗೆ ತೂಗುಹಾಕಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ನಮ್ಮ ಆಫೀಸಿನಲ್ಲಿ ಯಾರಾದರೂ ಗಟ್ಟಿಯಾಗಿ ಸೀನಿದರೂ ಚಪ್ಪಾಳೆ ತಟ್ಟುವವರಿದ್ದಾರೆ.

ಇನ್ನು ನನ್ನ ಅಕ್ಕ. ಹೊಲಿಗೆಯವಳು. ಮದುವೆಯಾಗಲಿಲ್ಲ, ನಾನೂ ಆಗಲಿಲ್ಲ, ಇಬ್ಬರೂ ಒಂದೇ ಮನೆಯಲ್ಲಿ ಜಗಳವಾಡಿಕೊಂಡು ಚೆನ್ನಾಗಿದ್ದೇವೆ. ಅವಳ ಬಲಗಣ್ಣು ಬೆಳ್ಳಗಾಗಿ ಹೋಗಿತ್ತು, ಎಡಗಣ್ಣೂ ಅದೇ ದಾರಿ ಹಿಡಿದಿತ್ತು. ಗುಂಡಿಗೆ ಕಾಜಾ ಹೊಲಿಯುವಾಗ ಬಟ್ಟೆಯನ್ನು ಮೂಗಿಗೆ ತಗುಲುವಷ್ಟು ಹತ್ತಿರ ಹಿಡಿಯುತ್ತಿದ್ದಳು. ಸೂಜಿಗೆ ದಾರ ಪೋಣಿಸಲು ನನ್ನನ್ನು ಕರೆಯುವುದು ಅವಳಿಗೆ ಸಾವಿನಷ್ಟು ಅವಮಾನ. ಆ ಸರದಿಯಲ್ಲಿ ಅವಳ ಹೆಸರೂ ಇತ್ತು. ಫೋನನ್ನು ಕೊರಳಿಗೆ ಕಟ್ಟಿಕೊಂಡೇ ಓಡಾಡುತ್ತಿದ್ದಳು.

ಒಂದು ಗುರುವಾರ ಸಂಜೆ ಮಿಷನ್ ಮೇಲಿಂದ ಕಾಲು ತೆಗೆಯದೆ ಕೇಳಿದಳು.

"ಅಲ್ಲ ಕಣೆ, ನಿಮ್ಮ ಆಸ್ಪತ್ರೆ ಮೆಸೇಜ್ ಯಾಕೆ ಬರ್ತಿಲ್ಲ?"

"ನಮ್ಮ ಆಸ್ಪತ್ರೆ ಅಲ್ಲಕ್ಕ. ಯಾವಾಗಿಂದ?"

"ಎರಡು ವಾರ ಆಗಿರ್ಬೇಕು. ಬರಲಿಲ್ಲ ಅಂದ್ರೆ ಒಳ್ಳೇದೇ ಅಂದ್ಕೊಂಡೆ. ಸರದಿ ಹತ್ರ ಬಂತೇನೋ, ಇನ್ನು ಕೇಳೋದಿಲ್ವೇನೋ ಅಂತ."

ನಾನು ಬೆರಳು ಮಡಚಿ ಎಣಿಸಿದೆ. ಅವಳು ಕೊನೆಯ ಉತ್ತರ ಕೊಟ್ಟು ಮೂರನೇ ವಾರ ತುಂಬುವುದು ಆ ಶನಿವಾರಕ್ಕೆ.

ಮರುದಿನ ಎಲ್ಲರಿಗಿಂತ ಮುಂಚೆ ಆಫೀಸಿಗೆ ಹೋಗಿ ಸರ್ವರಿನ ದಿನಚರಿಯಂಥ ಲಾಗ್ ತೆರೆದೆ. ಕೇಳುವ ಕೆಲಸ ಕೊನೆಯ ಬಾರಿ ಎದ್ದ ಬೆಳಗಿನ ನಂತರ ಅದರ ಸುದ್ದಿಯೇ ಇರಲಿಲ್ಲ. ತಪ್ಪು ತೋರಿಸುವ ಕೆಂಪು ಸಾಲು ಒಂದೂ ಇಲ್ಲ. ಹುಡುಕುತ್ತ ಹೋದರೆ ಸಿಕ್ಕಿದ್ದು ಇಷ್ಟು: ಆಸ್ಪತ್ರೆಯ ಕೌಂಟರಿನವರು ಹೊಸ ರೋಗಿಯೊಬ್ಬರ ಫೋನ್ ನಂಬರಿನ ಜಾಗದಲ್ಲಿ 'ಮಗಳ ಹತ್ತಿರ ಕೇಳಿ' ಎಂದು ಟೈಪ್ ಮಾಡಿದ್ದರು. ನಂಬರಿನ ಜಾಗದಲ್ಲಿ ಅಕ್ಷರ ಸಿಕ್ಕಿ ಕೆಲಸ ಎಡವಿತು. ಕೌಂಟರಿನವರು ಮಧ್ಯಾಹ್ನವೇ ಸರಿಯಾದ ನಂಬರ್ ಹಾಕಿದ್ದರು, ಆದರೆ ಬಿದ್ದದ್ದು ಏಳಲಿಲ್ಲ. ತಳ್ಳುವ ಕೆಲಸ ಮಾತ್ರ ಗಟ್ಟಿಮುಟ್ಟಾಗಿ ಓಡುತ್ತಿತ್ತು. ಮುಂಚೆಯೇ ಒಂದು ವಾರ ತಪ್ಪಿಸಿಕೊಂಡಿದ್ದ ಹಲವರನ್ನು ಅದು ಕಳೆದ ಶನಿವಾರವೇ ಬಾಲಕ್ಕೆ ತಳ್ಳಿತ್ತು. ಸರದಿಯಲ್ಲಿ ಎಲ್ಲರಿಗಿಂತ ಮುಂದಿದ್ದ ಒಬ್ಬ ಟ್ಯಾಕ್ಸಿ ಡ್ರೈವರ್ ಕೂಡ ಅವರಲ್ಲಿದ್ದರು. ಆಸ್ಪತ್ರೆಯ ಬೆಂಚಿನಲ್ಲಿ ಅಕ್ಕನ ಪಕ್ಕ ಕೂತು ಅವಳಿಗೆ ಕಿತ್ತಳೆ ಸುಲಿದು ಕೊಡುತ್ತಿದ್ದವರು ಅವರೇ. ಅವರ ಹಿಂದೆಯೇ ಅಕ್ಕನ ಸರದಿ.

ಸ್ಥಿರಮೂರ್ತಿ ಬಂದು ಹಲಗೆಯ ಪೂಜೆ ಮುಗಿಸುವವರೆಗೂ ಕಾದೆ.

"ಸರ್, ಮೆಸೇಜ್ ಕಳಿಸೋ ಕೆಲಸ ಸತ್ತುಹೋಗಿದೆ. ಇವತ್ತೇ ಸರ್ವರ್ ನಿಲ್ಲಿಸಿ ಶುರು ಮಾಡ್ಬೇಕು. ಇಲ್ಲಾಂದ್ರೆ ನಾಳೆ ಸಂಜೆ ಅರ್ಧಕ್ಕರ್ಧ ಜನ ಸರದಿಯ ಬಾಲಕ್ಕೆ ಹೋಗ್ತಾರೆ."

"ಎರರ್ ಎಲ್ಲಿದೆ, ತೋರಿಸಿ."

"ಎರರ್ ಬರೋದಿಲ್ಲ ಸರ್. ಅದೇ ಸಮಸ್ಯೆ."

"ಎರರ್ ಇಲ್ಲ ಅಂದ್ಮೇಲೆ ಸಮಸ್ಯೆ ಎಲ್ಲಿಂದ ಬಂತು ಮೇಡಂ?" ಹಲ್ಲು ಕಿರಿದ. "ಸೋಮವಾರ ನಿರ್ದೇಶಕರು ಫಲಕ ಕೊಡೋಕೆ ಬರ್ತಾರೆ. ಮಂಗಳವಾರ ನಿಲ್ಲಿಸೋಣ. ಬರೀ ಮೆಸೇಜ್ ತಾನೆ."

"ಸರದೀಲಿ ನಮ್ಮಕ್ಕ ಇದಾಳೆ ಸರ್."

ಹೇಳಬಾರದಿತ್ತು. ಅವನ ಮುಖದಲ್ಲಿ ಎಲ್ಲ ಅರ್ಥವಾದವರ ಕನಿಕರ ಮೂಡಿತು. ಕುರ್ಚಿಯನ್ನು ಹತ್ತಿರ ಎಳೆದುಕೊಂಡು ದನಿ ತಗ್ಗಿಸಿದ.

"ಮೊದಲೇ ಹೇಳ್ಬಾರ್ದಿತ್ತಾ? ಹೆಸರು ಹೇಳಿ. ಉತ್ತರ ಬಂದಿದೆ ಅಂತ ಡೇಟಾಬೇಸಲ್ಲಿ ಕೈಯಿಂದಲೇ ಹಾಕಿಸ್ತೀನಿ. ಈಗ ಸಮಾಧಾನ ತಾನೆ?"

ಇಂಥವನ ಬಾಯಲ್ಲಿ ಉಪಕಾರ ಎಂಬ ಮಾತು ಕೂಡ ಹುಳಿ ಹಿಡಿಯುತ್ತದೆ. ಒಬ್ಬಳ ಕಣ್ಣು ಉಳಿಸಿ ಉಳಿದವರ ಕಣ್ಣಿಗೆ ಮಣ್ಣು ಹಾಕು ಎನ್ನುತ್ತಿದ್ದ, ಅದೂ ಒಂದು ಗಾಜಿನ ತುಂಡಿಗೋಸ್ಕರ. ನಾನು ಎದ್ದು ನನ್ನ ಮೇಜಿಗೆ ಹೋದೆ. ಎಡವಿದರೂ ಬೀಳದಂತೆ ಕೋಡಿನಲ್ಲಿ ನಾಲ್ಕು ಸಾಲು ಸೇರಿಸಿದೆ. ಆಮೇಲೆ ಎಲ್ಲರೆದುರಿಗೇ ಸರ್ವರ್ ನಿಲ್ಲಿಸಿದೆ.

ಪರದೆಗಳ ಮೇಲೆ ಸಂಪರ್ಕ ಕಡಿದ ಸೂಚನೆ ಕಂಡದ್ದೇ ತಡ, ಇಡೀ ಕೋಣೆ ಸೂತಕದ ಮನೆಯಾಯಿತು. ಯಾರೋ "ಅಯ್ಯೋ, ಲೆಕ್ಕ ಹೋಯ್ತಲ್ಲ" ಎಂದರು. ಕಾಯುತ್ತಿದ್ದ ಕಣ್ಣುಗಳ ಲೆಕ್ಕ ಒಬ್ಬರಿಗೂ ಬೇಕಿರಲಿಲ್ಲ. ಸರ್ವರ್ ಮತ್ತೆ ಎದ್ದಿತು, ಅದರ ಜೊತೆ ಸತ್ತಿದ್ದ ಕೆಲಸವೂ ಎದ್ದು ಮೆಸೇಜುಗಳನ್ನು ಸಾಲುಸಾಲಾಗಿ ಕಳಿಸಿತು. ಮಧ್ಯಾಹ್ನದ ಹೊತ್ತಿಗೆ ಉತ್ತರಗಳು ಬರತೊಡಗಿದವು. ಸಿದ್ಧ. ಸಿದ್ಧ. ಸಿದ್ಧನಿದ್ದೇನೆ, ಯಾವಾಗ ಬರಲಿ. ಅವುಗಳ ನಡುವೆ ಅಕ್ಕನದೂ ಇತ್ತು.

ಸ್ಥಿರಮೂರ್ತಿ ಕೋಣೆಗೆ ಕರೆಸಿದ. ಕೂರಲು ಹೇಳಲಿಲ್ಲ.

"ನಿಮ್ಮ ಮನೆ ವಿಷಯಕ್ಕೆ ಇಡೀ ವಿಭಾಗದ ಮಾನ ಕಳೆದ್ರಿ."

"ಕಳೆದ ಶನಿವಾರ ಹೋದವರನ್ನೂ ಅವರವರ ಜಾಗಕ್ಕೆ ತರ್ಬೇಕು ಸರ್."

"ಅದು ಆಸ್ಪತ್ರೆಯವರು ಕೇಳಿದ್ರೆ ಮಾತ್ರ. ಅವರು ಕೇಳಿಲ್ಲ."

"ಅವರಿಗೆ ಗೊತ್ತಿದ್ರೆ ತಾನೆ ಕೇಳೋದು?"

"ನಾವಾಗಿ ಹೇಳ್ಕೊಂಡು ಹೋಗೋದಿಲ್ಲ," ಎಂದ. ಅಷ್ಟು ಹೇಳಿ ಕೈತೊಳೆದುಕೊಂಡ.

ಸರಿ, ನೀನು ಹೇಳಬೇಡ, ನಾನು ಹೇಳುತ್ತೇನೆ ಎಂದುಕೊಂಡು ಮನೆಗೆ ಬಂದೆ. ದಾರಿಯುದ್ದಕ್ಕೂ ಅವನನ್ನು ಮನಸ್ಸಿನಲ್ಲಿ ಸಾಬೂನು ಹಾಕದೆ ಒಗೆದೆ. ಸತ್ಯ ಗೊತ್ತಿದ್ದೂ ಬಾಯಿಗೆ ಬೀಗ ಹಾಕಿಕೊಳ್ಳುವವನಿಗಿಂತ ನೀಚ ಯಾರಿದ್ದಾರೆ ಎಂದು, ಅಕ್ಕನ ಮುಂದೆಯೂ ಊಟದ ತಟ್ಟೆ ಒಣಗುವವರೆಗೆ ಬೈದೆ. ಕಾರಣ ಏನೆಂದು ಅವಳಿಗೆ ಹೇಳಲಿಲ್ಲ. ಅವಳು "ಸಾಕು ಬಿಡೆ, ಅವನಿಗೆ ಬಿಕ್ಕಳಿಕೆ ಬಂದು ಸತ್ತಾನು" ಎಂದು ನಕ್ಕಳು.

ಶನಿವಾರ ಬೆಳಿಗ್ಗೆ ಆಸ್ಪತ್ರೆಯಲ್ಲಿ ಸರದಿ ನೋಡಿಕೊಳ್ಳುವ ಮೇಡಂನ ನಂಬರ್ ಹುಡುಕಿಕೊಂಡು ಅಡುಗೆಮನೆಯ ಕಿಟಕಿಯ ಹತ್ತಿರ ನಿಂತಿದ್ದೆ. ಇನ್ನೇನು ಒತ್ತಬೇಕು, ಅಷ್ಟರಲ್ಲಿ ಅಕ್ಕನ ಕೊರಳಲ್ಲಿದ್ದ ಫೋನ್ ಬಡಿದುಕೊಂಡಿತು. "ಹೂಂ, ನಾನೇ," ಎಂದಳು. ಮತ್ತೆ "ಹೂಂ" ಎಂದಳು. ಆಮೇಲೆ ಮಿಷನ್ನಿನ ಸ್ಟೂಲಿನ ಮೇಲೆ ಕೂತಳು.

"ಕಣ್ಣು ಬಂದಿದೆಯಂತೆ ಕಣೆ. ಒಂದೇ ಬಂದಿದೆಯಂತೆ. ಮಧ್ಯಾಹ್ನದೊಳಗೆ ಬನ್ನಿ ಅಂದ್ರು, ಸರದೀಲಿ ಮೊದಲು ನೀವೇ ಇರೋದು ಅಂದ್ರು."

ನಾನು ಫೋನ್ ಹಿಡಿದೇ ನಿಂತಿದ್ದೆ. ಪರದೆಯ ಮೇಲೆ ಆ ಮೇಡಂನ ನಂಬರ್ ಹಾಗೇ ಇತ್ತು. ಅಕ್ಕ ಎದ್ದು ಗೋಡೆ ತಡವುತ್ತ ಚೀಲ ಹುಡುಕಿದಳು, ಅದರಲ್ಲಿ ಸೀರೆ ತುರುಕಿದಳು, ತೆಗೆದಳು, ಮತ್ತೆ ತುರುಕಿದಳು. ತನ್ನಷ್ಟಕ್ಕೆ ನಗುತ್ತಿದ್ದಳು. ಅವಳು ಹಾಗೆ ನಗುವುದನ್ನು ನಾನು ನೋಡಿ ವರ್ಷಗಳಾಗಿದ್ದವು. ಫೋನನ್ನು ಕಿಟಕಿಯ ಕಟ್ಟೆಯ ಮೇಲೆ ಮಗುಚಿ ಇಟ್ಟೆ.

ಆಟೋ ಬಂದು ನಿಂತಿತು. ಬಾಗಿಲಿಗೆ ಬೀಗ ಹಾಕುವಾಗ ಅಕ್ಕ ಏನೋ ನೆನಪಾದವಳಂತೆ ನನ್ನ ತೋಳು ಹಿಡಿದಳು.

"ಅಲ್ಲ, ನನಗಿಂತ ಮುಂದೆ ಆ ಟ್ಯಾಕ್ಸಿಯವರು ಇದ್ರಲ್ಲ. ಪಾಪ, ಅವರಿಗೆ ಆಯ್ತಾ?"

"ಹೂಂ ಅಕ್ಕ, ಆಯ್ತು," ಎಂದೆ. ನಾಲಿಗೆ ಒಂಚೂರೂ ತಡವರಿಸಲಿಲ್ಲ. ಸ್ಥಿರಮೂರ್ತಿಗೆ ಕೂಡ ಸುಳ್ಳು ಅಷ್ಟು ಸಲೀಸಾಗಿ ಬರುತ್ತಿರಲಿಲ್ಲ.

"ದೇವರು ದೊಡ್ಡವನು," ಎಂದು ಅಕ್ಕ ಆಟೋ ಹತ್ತಿದಳು.