ಬಿಳಿ ನೀರು

ಕಾಫಿ ಕೂಜದ ಒಳಗಿನ ಕಲೆಗೆ ಹನ್ನೆರಡು ವರ್ಷ ವಯಸ್ಸು. ಅಮ್ಮ ಹೋದಾಗಿನಿಂದ ಅದಕ್ಕೆ ನೀರು ಬಿದ್ದಿತ್ತೇ ಹೊರತು ಉಜ್ಜುವ ಕೈ ಬಿದ್ದಿರಲಿಲ್ಲ. ಬಿಳಿ ಎನಾಮಲ್ಲಿನ ಕೂಜ. ಹೊಟ್ಟೆ ದೊಡ್ಡದು, ಕತ್ತು ಸಣ್ಣದು, ಕೈ ತೂರಿಸಿದರೆ ಮಣಿಕಟ್ಟಿನಲ್ಲೇ ಸಿಕ್ಕಿಕೊಳ್ಳುತ್ತದೆ. ತಂಗಿ ಮೂರು ದಿನದಿಂದ ಅದರ ಬೆನ್ನು ಬಿದ್ದಿದ್ದಳು. ಮೊದಲ ದಿನ ಕಲ್ಲುಪ್ಪು, ನಿಂಬೆಹೋಳು ಹಾಕಿ ತೋಳು ಸೋಲುವ ತನಕ ಕುಲುಕಿದಳು. ಮಾರನೆಯ ದಿನ ಅಡುಗೆ ಸೋಡಾ, ಕುದಿಯುವ ನೀರು. ಆಮೇಲೆ ಸೋಪಿನ ಪುಡಿಯ ಜೊತೆ ಒಂದು ಹಿಡಿ ಅಕ್ಕಿ. ಜಪ್ಪಯ್ಯ ಅಂದರೂ ಕಲೆ ಬಿಡಲಿಲ್ಲ.

ಅವಳಿಗೆ ಅವಮಾನವೇ ಆಯಿತು. ಕಲೆ ತೆಗೆಯುವುದೇ ಅವಳ ಕಸುಬು. ಲಾಂಡ್ರಿಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಕಲೆಯಕ್ಕ ಎಂದು. ಹೊಸಬರು ಹಾಡೋ ಕುಣಿತವೋ ಇರಬೇಕೆಂದು ವಿಚಾರಿಸಿದರೆ, "ಆ ಕಲೆ ಅಲ್ಲಪ್ಪಾ, ಈ ಕಲೆ" ಎಂದು ಯಾರದೋ ಅಂಗಿಯ ಕಂಕುಳನ್ನು ಎತ್ತಿ ತೋರಿಸುತ್ತಿದ್ದಳು. ಊರವರ ಎಣ್ಣೆ, ಶಾಯಿ, ರಕ್ತ ಎಲ್ಲ ತೆಗೆದವಳಿಗೆ ಮನೆಯ ಕಾಫಿ ಕಲೆ ಸವಾಲು ಹಾಕಿ ಕೂತಿತ್ತು.

ಅಷ್ಟಕ್ಕೂ ಆ ಕೂಜದ ಮೇಲೆ ಅಷ್ಟೊಂದು ಅಕ್ಕರೆ ಯಾಕೆ ಅಂತೀರಾ? ಕ್ಷಮಿಸು ಎನ್ನುವ ಮಾತು ಅವಳ ಬಾಯಲ್ಲಿ ಬರುತ್ತಿರಲಿಲ್ಲ. ಅದಕ್ಕೆ ಕೂಜ ತೊಳೆಯುತ್ತಿದ್ದಳು.

ಅಕ್ಕ ತಂಗಿ ಇಬ್ಬರೇ ಒಂದು ಮನೆಯಲ್ಲಿ. ಇಬ್ಬರೂ ಗಂಡಂದಿರನ್ನು ಕಳೆದುಕೊಂಡವರು. ಅಕ್ಕ ಸಾವಿಗೆ, ತಂಗಿ ಇನ್ನೊಬ್ಬಳಿಗೆ. ಅಕ್ಕ ಒಂದು ದೊಡ್ಡ ಆಫೀಸಿನ ಕ್ಯಾಂಟೀನಿನಲ್ಲಿ ಇಪ್ಪತ್ತು ವರ್ಷದಿಂದ ಕಾಫಿ ಮಾಡುತ್ತಿದ್ದಳು. ಕಳೆದ ವರ್ಷ ಅವಳಿಗೆ ಕೆಟ್ಟ ಜ್ವರ ಬಂತು. ಜ್ವರವೇನೋ ಹೋಯಿತು, ಹೋಗುವಾಗ ವಾಸನೆಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಹಾಲು ಹೊತ್ತಿದರೂ ಹೊಗೆ ಕಂಡ ಮೇಲೇ ಅವಳಿಗೆ ತಿಳಿಯುತ್ತಿತ್ತು. ಕೆಲಸ ಹೋದೀತೆಂಬ ಭಯಕ್ಕೆ ಇದನ್ನು ಅವಳು ಹೇಳಿಕೊಂಡಿದ್ದು ತಂಗಿಯೊಬ್ಬಳ ಹತ್ತಿರ.

ತಂಗಿ ಏನು ಮಾಡಿದಳು? ಸೋದರಮಾವನ ಮನೆಯವರೆಲ್ಲ ಬಂದಿದ್ದ ದಿನ, ಕಾಫಿ ಯಾಕೋ ಒಂಥರಾ ಇದೆಯಲ್ಲ ಎಂದು ಮಾವ ಹುಬ್ಬು ಗಂಟಿಕ್ಕಿದಾಗ, ನಗಿಸಲಿಕ್ಕೆಂದು ಬಾಯಿ ಬಿಟ್ಟಳು. "ಮೂಗು ಸತ್ತವಳ ಕಾಫಿ, ಅಮ್ಮನ ಕಾಲದ ಕೊಳಕು ಕೂಜ. ಇನ್ನು ಹೇಗಿರತ್ತೆ ಮಾವ? ಕುಡೀರಿ, ಸಾಯಲ್ಲ!"

ಎಲ್ಲರೂ ನಕ್ಕರು. ಅಕ್ಕ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದವಳು ಅವತ್ತಿನಿಂದ ಮಾತು ಬಿಟ್ಟಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹತ್ತು ತಿಂಗಳಾಗಿತ್ತು.

ಮಾತು ನಿಂತರೂ ಸಂಸಾರ ನಿಲ್ಲುತ್ತದೆಯೇ? ಫ್ರಿಜ್ಜಿನ ಬಾಗಿಲ ಮೇಲೆ ಚೀಟಿ ಶುರುವಾಯಿತು. ಬಟ್ಟೆಗೆ ಕಟ್ಟುವ ಲಾಂಡ್ರಿಯ ಗುರುತಿನ ಚೀಟಿ, ಬೆರಳುದ್ದದ್ದು. ಬರುಬರುತ್ತಾ ಅದರಲ್ಲೂ ಪೈಪೋಟಿ ಬಂತು. ಹೆಚ್ಚು ಪದ ಬರೆದವರು ಸೋತಂತೆ. ಅಕ್ಕ 'ಗ್ಯಾಸ್ ಮುಗಿದಿದೆ' ಎಂದು ಬರೆದರೆ ತಂಗಿ ಸಂಜೆ ಅದರ ಕೆಳಗೆ 'ತಂದೆ' ಎಂದು ಗೀಚುವಳು. "ಗ್ಯಾಸ್ ಕೇಳಿದ್ರೆ ಅಪ್ಪನ್ನ ಕರೀತಾಳಲ್ಲಪ್ಪಾ ಇವಳು" ಎಂದು ಅಕ್ಕ ಅಡುಗೆಮನೆಯಲ್ಲಿ ಒಬ್ಬಳೇ ನಕ್ಕಿದ್ದು ಗೋಡೆಯಾಚೆಗೆ ಕೇಳಿಸಿತ್ತು. ತಂಗಿಗೂ ನಗು ಬಂದಿತ್ತು, ದಿಂಬಿಗೆ ಬಾಯಿ ಒತ್ತಿ ತಡೆದುಕೊಂಡಿದ್ದಳು.

ಈ ಜಿಪುಣತನದಲ್ಲಿ ಒಮ್ಮೆ ಎಡವಟ್ಟೂ ಆಗಿತ್ತು. 'ಬಿಳಿ ನೀರು ತಾ' ಎಂದು ಅಕ್ಕ ಬರೆದಿದ್ದಳು. ತಂಗಿ ಬ್ಲೀಚ್ ತಂದಿಟ್ಟಳು. ಲಾಂಡ್ರಿಯಲ್ಲಿ ಬಿಳಿ ನೀರು ಅಂದರೆ ಅದೇ. ಬಾಟಲಿ ಇಟ್ಟಲ್ಲೇ ಇತ್ತು, ಪಕ್ಕದಲ್ಲೊಂದು ಚೀಟಿ: 'ಇದಲ್ಲ. ಹುಳಿಯದು.' ಕ್ಯಾಂಟೀನಿನಲ್ಲಿ ಬಿಳಿ ನೀರು ಅಂದರೆ ವಿನೆಗರ್. ಪಾತ್ರೆ ಕಲೆಗಟ್ಟಿದರೆ ಅಕ್ಕ ಅದಕ್ಕೆ ವಿನೆಗರ್ ಸುರಿದು, ಒಲೆಯ ಮೇಲಿಟ್ಟು, ಕಲೆ ಬಿಟ್ಟಿತೋ ಇಲ್ಲವೋ ಎಂದು ಬಾಗಿ ನೋಡುತ್ತಾ ನಿಲ್ಲುವಳು. ಬಿಸಿ ಮಾಡದೆ ಕಲೆ ಬಿಡುವುದೇ ಇಲ್ಲ ಎಂದು ಅವಳ ವಾದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ನಾಲ್ಕನೆಯ ದಿನ ಬೆಳಿಗ್ಗೆ ತಂಗಿ ಕೂಜಕ್ಕೆ ಮುಕ್ಕಾಲಿನವರೆಗೆ ಬ್ಲೀಚ್ ತುಂಬಿದಳು. ಅವತ್ತು ಅಕ್ಕನಿಗೆ ರಜೆ. ಎದ್ದು ಬಂದು ಅವಳೇ ಬಗ್ಗಿಸಲಿ, ಅಮ್ಮನ ಕೂಜ ಬೆಳ್ಳಗೆ ಹೊಳೆಯುವುದನ್ನು ಅವಳೇ ಮೊದಲು ನೋಡಲಿ ಎಂದು ಆಸೆ. ಚೀಟಿ ಬರೆದಳು: 'ಲಾಂಡ್ರಿ ಬಿಳಿ ನೀರು ಇದೆ. ಏನೂ ಸೇರಿಸಬೇಡ. ಹಾಗೇ ತೊಳೆ.' ಅಂಟಿಸುವ ಮೊದಲು ಎಣಿಸಿದಳು. ಎಂಟು ಪದ! ಅಕ್ಕನ ನಿನ್ನೆಯ ಚೀಟಿಯಲ್ಲಿ ಇದ್ದದ್ದು ಒಂದೇ ಪದ, 'ಹಾಲು.'

ಎಂಟು ಪದ ಬರೆದು ಸೋಲುವುದೇ? ಆ ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡಳು. ಇನ್ನೊಂದು ಬರೆದಳು: 'ಕೂಜ. ಬಿಳಿ ನೀರು. ತೊಳೆ.' ಅಂಟಿಸಿ, ಬಾಗಿಲೆಳೆದುಕೊಂಡು ಹೊರಟಳು.

ಲಾಂಡ್ರಿಯಲ್ಲಿ ಹತ್ತು ಗಂಟೆಯ ತನಕ ಎಲ್ಲ ಸರಿಯಾಗಿಯೇ ಇತ್ತು. ಹೋಟೆಲಿನ ಮೇಜುಹಾಸುಗಳು ಬಂದಿದ್ದವು. ಅವಳು ಕಪಾಟಿನಿಂದ ವಿನೆಗರ್ ಕ್ಯಾನನ್ನೂ ಬ್ಲೀಚಿನ ಬಾಟಲಿಯನ್ನೂ ಒಟ್ಟಿಗೇ ಎತ್ತಿಕೊಂಡದ್ದು ಯಜಮಾನರ ಕಣ್ಣಿಗೆ ಬಿತ್ತು.

"ಎರಡನ್ನೂ ಒಂದೇ ಕೈಯಲ್ಲಿ ತರಬೇಡ ಕಣಮ್ಮ! ಹಳೇ ಇಸ್ತ್ರಿಯವನ ಗತಿ ಮರೆತ್ಯಾ?"

ಮರೆಯುವುದುಂಟೇ? ಎರಡನ್ನೂ ಒಂದೇ ತೊಟ್ಟಿಗೆ ಸುರಿದು, ಎದ್ದ ಹೊಗೆ ಕುಡಿದು, ಮೀನಿನ ಹಾಗೆ ಬಾಯಿ ಬಿಡುತ್ತಾ ನೆಲಕ್ಕೆ ಬಿದ್ದಿದ್ದ ಅವನು. "ಗೊತ್ತು ಬಿಡಿ ಯಜಮಾನ್ರೇ" ಎಂದಳು. ಎರಡನ್ನೂ ಬೇರೆ ಬೇರೆ ಇಟ್ಟು ಒಂದು ಮೇಜುಹಾಸು ಎತ್ತಿಕೊಂಡಳು, ಅಷ್ಟರಲ್ಲಿ ಮನೆ ನೆನಪಾಯಿತು. ಮನೆಯಲ್ಲಿ ವಿನೆಗರ್ ಕ್ಯಾನ್ ತುಂಬಿತ್ತು. ಅಕ್ಕ ಇಷ್ಟು ಹೊತ್ತಿಗೆ ಎದ್ದು ಚೀಟಿ ಓದಿರುತ್ತಾಳೆ. ಬಿಳಿ ನೀರು ಎಂದರೆ ಅವಳಿಗೆ ಯಾವುದು?

ಏ, ಏನೂ ಆಗಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಬ್ಲೀಚಿನ ಘಾಟು ಬೀದಿಯ ತುದಿಗೇ ಬರುತ್ತದೆ. ಮೂಗಿದ್ದವರು ಯಾರಾದರೂ ಮೂಸಿದ ಕೂಡಲೇ...

ಕೈಯಲ್ಲಿದ್ದ ಮೇಜುಹಾಸು ತೊಟ್ಟಿಗೆ ಜಾರಿತು.

ಒದ್ದೆ ಕೈಯಲ್ಲೇ ಫೋನ್ ಮಾಡಿದಳು. ಎರಡು ಸಲ ರಿಂಗಾಯಿತು, ಅಕ್ಕ ಕಟ್ ಮಾಡಿದಳು. ಅಬ್ಬಾ ಎಂದು ಉಸಿರು ಬಿಟ್ಟಳು. ಕಟ್ ಮಾಡಿದಳೆಂದರೆ ಬದುಕಿದ್ದಾಳೆ. ಹತ್ತು ತಿಂಗಳಿಂದ ತಂಗಿಯ ನಂಬರು ಕಂಡರೆ ಕಟ್ ಮಾಡುವುದೇ ರೂಢಿ. ಮತ್ತೆ ಮಾಡಿದಳು. ಮತ್ತೆ ಕಟ್. "ಎತ್ತೇ ಅಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ, ಎತ್ತೇ!" ಎಂದು ಅವಳು ಕೂಗಿದ್ದಕ್ಕೆ ಇಸ್ತ್ರಿ ಮೇಜಿನವರೆಲ್ಲ ತಿರುಗಿ ನೋಡಿದರು. ಮೆಸೇಜ್ ಕಳಿಸೋಣವೆಂದರೆ ಅಕ್ಕನಿಗೆ ಅದನ್ನು ತೆರೆಯಲು ಬಾರದು. ಮೂರನೆಯ ಸಲ ಮಾಡಿದಳು. ರಿಂಗಾಯಿತು, ಆಯಿತು, ಆಗುತ್ತಲೇ ಹೋಯಿತು. ಈ ಸಲ ಯಾರೂ ಕಟ್ ಮಾಡಲಿಲ್ಲ.

ಎದುರು ಮನೆಯ ಟೈಲರಿಗೆ ಫೋನ್ ಮಾಡಿದಳು. "ಟೈಲರಣ್ಣ, ನಮ್ಮನೆ ಬಾಗಿಲು ಬಡೀರಿ. ತೆಗೀದಿದ್ರೆ ಒಡೀರಿ. ಮೂಗಿಗೆ ಒದ್ದೆ ಬಟ್ಟೆ ಕಟ್ಕೊಂಡು ಹೋಗಿ ಅಕ್ಕನ್ನ ಈಚೆಗೆ ಎಳ್ಕೊಂಡು ಬನ್ನಿ!"

"ಬಾಗಿಲು ಒಡೆಯೋದಾ? ನಿಮ್ಮಕ್ಕ ನನ್ನ ತಲೆ ಒಡೀತಾರಮ್ಮ."

"ಒಡೀಲಿ ಅಣ್ಣಾ! ಎದ್ದು ಬಂದು ಒಡೀಲಿ ಅಂತಾನೇ ಬೇಡ್ಕೋತಿದೀನಿ!"

ಬಸ್ಸು ಸಿಗ್ನಲ್ ಸಿಗ್ನಲ್ಲಿಗೂ ನಿಂತಿತು. ಅವಳು ಎರಡು ಸ್ಟಾಪ್ ಮೊದಲೇ ಇಳಿದು ಓಡಿದಳು. ಕೋಪದಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುತ್ತದೆಯೇ ಎಂದು ಅಮ್ಮ ಇಬ್ಬರಿಗೂ ಹೇಳುತ್ತಿದ್ದಳು. ಓಡುತ್ತಾ ಅದೊಂದೇ ಮಾತು ತಲೆಯಲ್ಲಿ ಸುತ್ತಿತು.

ಟೈಲರ್ ಮೆಟ್ಟಿಲ ಮೇಲೆ ಕೂತು ಕೆಮ್ಮುತ್ತಿದ್ದ. ಕಣ್ಣು ಕೆಂಡವಾಗಿತ್ತು. "ಆಸ್ಪತ್ರೆಗೆ ಕರ್ಕೊಂಡು ಹೋದ್ರು. ಉಸಿರಿತ್ತು. ಒಲೆ ಮುಂದೇನೇ ಬಿದ್ದಿದ್ರಮ್ಮ" ಎಂದ.

ಅವಳು ದುಪಟ್ಟಾದಿಂದ ಮೂಗು ಮುಚ್ಚಿಕೊಂಡು ಒಳಗೆ ಹೋದಳು. ಕಿಟಕಿಗಳೆಲ್ಲ ತೆರೆದಿದ್ದರೂ ಗಂಟಲು ಉರಿಯಿತು. ವಿನೆಗರ್ ಕ್ಯಾನಿನ ಮುಚ್ಚಳ ನೆಲದ ಮೇಲಿತ್ತು. ಅಕ್ಕನ ಫೋನು ಕಟ್ಟೆಯ ಮೇಲೆ. ಆರಿದ ಒಲೆಯ ಮೇಲೆ ಕೂಜ. ಇಣುಕಿ ನೋಡಿದಳು. ಹನ್ನೆರಡು ವರ್ಷದ ಕಲೆ ಒಂದು ಚೂರೂ ಉಳಿದಿರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಮಧ್ಯಾಹ್ನ ಹೊರಗೆ ಬಂದರು. "ಜೀವಕ್ಕೆ ಸದ್ಯಕ್ಕೆ ಭಯವಿಲ್ಲ. ಗಂಟಲು ಒಳಗೆಲ್ಲ ಸುಟ್ಟಿದೆ. ದನಿ ವಾಪಸ್ ಬರುತ್ತೆ ಅಂತ ನಾನು ಮಾತು ಕೊಡಲ್ಲ."

ತಂಗಿ ಮಂಚದ ಪಕ್ಕ ಕೂತಳು. ಅಕ್ಕನ ಮುಖದ ಅರ್ಧಕ್ಕೆ ಆಕ್ಸಿಜನ್ ಮಾಸ್ಕು, ಕಣ್ಣು ಮಾತ್ರ ತೆರೆದಿತ್ತು. ಹತ್ತು ತಿಂಗಳು ಕಟ್ಟಿಟ್ಟ ಮಾತೆಲ್ಲ ತಂಗಿಯ ಬಾಯಿಂದ ಒಂದೇ ಸಲಕ್ಕೆ ಸುರಿಯಿತು. "ತಪ್ಪಾಯ್ತು ಅಕ್ಕ. ಮಾವನ ಮುಂದೆ ಹಾಗೆ ಅನ್ನಬಾರದಿತ್ತು. ಅದಕ್ಕೇ ಕೂಜ ತೊಳೀತಿದ್ದೆ. ನಿನ್ನ ಬಿಳಿ ನೀರು ಬೇರೆ, ನನ್ನದು ಬೇರೆ, ನೆನಪೇ ಆಗ್ಲಿಲ್ಲ ಕಣೇ, ಅಮ್ಮನಾಣೆ ನೆನಪಾಗ್ಲಿಲ್ಲ. ಒಂದು ಮಾತಾಡೇ. ಬೈಯೋದಾದ್ರೂ ಬೈಯೇ."

ಅಕ್ಕ ಕೈಯೆತ್ತಿ ಗಾಳಿಯಲ್ಲಿ ಬರೆಯುವಂತೆ ಬೆರಳಾಡಿಸಿದಳು. ಕಾಗದ ಬೇಕಿತ್ತು. ತಂಗಿ ಗಡಿಬಿಡಿಯಲ್ಲಿ ಜೇಬು ತಡಕಿದಳು, ಸಿಕ್ಕ ಚೀಟಿಯನ್ನು ಅಕ್ಕನ ಅಂಗೈಗೆ ಇಟ್ಟಳು, ನರ್ಸಿನ ಹತ್ತಿರ ಪೆನ್ನು ಕೇಳಿ ತಂದಳು. ತಿರುಗಿ ಬರುವಷ್ಟರಲ್ಲಿ ಅಕ್ಕ ಚೀಟಿಯ ಮಡಿಕೆ ಬಿಡಿಸಿದ್ದಳು.

ಆಗ ತಂಗಿಗೆ ಅದು ಯಾವ ಚೀಟಿಯೆಂದು ಹೊಳೆಯಿತು. ಕಸಿದುಕೊಳ್ಳಲು ಕೈ ಚಾಚಿದಳು, ತಡವಾಗಿತ್ತು. ಅಕ್ಕನ ಬೆರಳು ಒಂದೊಂದೇ ಪದದ ಮೇಲೆ ನಿಧಾನವಾಗಿ ಸರಿಯುತ್ತಿತ್ತು. ಲಾಂಡ್ರಿ. ಬಿಳಿ. ನೀರು. ಇದೆ. ಏನೂ. ಸೇರಿಸಬೇಡ. ಹಾಗೇ. ತೊಳೆ. ಓದುತ್ತಿರಲಿಲ್ಲ, ಎಣಿಸುತ್ತಿದ್ದಳು. ಎಣಿಸಿ ಮುಗಿಸಿ ತಂಗಿಯ ಮುಖ ನೋಡಿದಳು.

ಆಮೇಲೆ ಪೆನ್ನು ತೆಗೆದುಕೊಂಡು, ಚೀಟಿ ತಿರುಗಿಸಿ, ಒಂದೇ ಪದ ಬರೆದು ಕೊಟ್ಟಳು.

'ಸೋತೆ.'

ನಾನು ಸೋತೆ ಎಂದೋ, ನೀನು ಸೋತೆ ಎಂದೋ? ತಂಗಿ ಎರಡು ಸಲ ಓದಿದಳು, ಮೂರು ಸಲ ಓದಿದಳು. "ಯಾರು ಅಕ್ಕ? ಯಾರು ಸೋತಿದ್ದು?" ಎಂದು ಕೇಳಿದಳು. ಅಕ್ಕ ಪೆನ್ನಿನ ಮುಚ್ಚಳ ಹಾಕಿ, ಗೋಡೆಯ ಕಡೆ ಮಗ್ಗುಲಾದಳು.