ಫುಯೆನ್ಸಾಂತಳ ಬಿಸಿಗುಳ್ಳೆ

ಫುಯೆನ್ಸಾಂತಳಿಗೆ ಮೂರು ವರ್ಷದಿಂದ ಒಂದೇ ಹುಚ್ಚು. ಅವಳು ಸಂಶೋಧನೆಗೆ ಆರಿಸಿಕೊಂಡಿದ್ದ ನಕ್ಷತ್ರ ಮಹಾ ದೈತ್ಯ. ಅದು ಊದುವ ಬಿರುಗಾಳಿಗೆ ಸುತ್ತಲಿನ ಅನಿಲವೆಲ್ಲ ಗುಳ್ಳೆಯಾಗಿ ಉಬ್ಬಿ ನೀಹಾರಿಕೆಯಾಗಿತ್ತು. ಆ ಗುಳ್ಳೆಯ ಹೊಟ್ಟೆಯೊಳಗೆ ಲಕ್ಷಾಂತರ ಡಿಗ್ರಿ ಬಿಸಿಯಿದೆ, ಎಕ್ಸ್-ರೇ ಸೂಸಲೇಬೇಕು ಎಂದು ಅವಳ ವಾದ. ಆದರೆ ಬಾಹ್ಯಾಕಾಶದ ದೂರದರ್ಶಕ ಕಳಿಸಿದ ಚಿತ್ರವನ್ನಿಟ್ಟುಕೊಂಡು ಎಷ್ಟು ಸಲ ಲೆಕ್ಕ ಹಾಕಿದರೂ ಕೈಗೆ ಸಿಕ್ಕಿದ್ದು ಸೊನ್ನೆ.

ಅವಳ ಗುರು ಬಾಲ್ತಸಾರ್ ತಮ್ಮೂರು ಗ್ರಾನಾದಾದಲ್ಲಷ್ಟೇ ಅಲ್ಲ, ಎಲ್ಲೆಡೆ ಹೆಸರು ಮಾಡಿದ್ದೇ ಇಂಥ ಗುಳ್ಳೆಗಳು ತಣ್ಣಗಿವೆ ಎಂದು ಸಾರಿ. ಕೆಟ್ಟವರಲ್ಲ, ಹಟಮಾರಿ ಅಷ್ಟೇ. ಶುಕ್ರವಾರದ ತಿಂಡಿಯ ಹೊತ್ತಿಗೆ ಏನೂ ಸಿಗದಿದ್ದರೆ ಗುಳ್ಳೆ ಬಿಟ್ಟು ಬೇರೆ ವಿಷಯ ಹಿಡಿಯಬೇಕೆಂದು ತೀರ್ಪು ಕೊಟ್ಟಿದ್ದರು.

ಶುಕ್ರವಾರ ಬೆಳಿಗ್ಗೆ ಅವಳು, ಸಂಕಟಕ್ಕೋ ಸೋಮಾರಿತನಕ್ಕೋ, ಅದೇ ನೀಹಾರಿಕೆಯ ಸಾದಾ ಫೋಟೋ ತೆರೆದು ಅದರ ಮೇಲೆ ಎಕ್ಸ್-ರೇ ಚಿತ್ರದ ಚೌಕಟ್ಟು ಕೂರಿಸಿದಳು. ಗುಳ್ಳೆಯ ಅಂಚು ಚೌಕಟ್ಟಿನಿಂದ ಆಚೆಗೇ ಇತ್ತು. ಆಕಾಶದಲ್ಲೆಲ್ಲ ಮಂಕಾಗಿ ಹರಡಿರುವ ಹಿನ್ನೆಲೆ ಬೆಳಕನ್ನು ತೆಗೆಯಲು ಚಿತ್ರದ ಖಾಲಿ ಮೂಲೆಯೊಂದನ್ನು ಅಳೆದು, ಅಷ್ಟನ್ನು ಎಲ್ಲೆಡೆಯಿಂದ ಕಳೆಯುವುದು ಬಾಲ್ತಸಾರ್ ಕಲಿಸಿದ ವಾಡಿಕೆ. ಆ ಮೂಲೆ ಖಾಲಿಯೇ ಅಲ್ಲ, ಅದೂ ಗುಳ್ಳೆಯ ಹೊಟ್ಟೆಯೇ! ಗುಳ್ಳೆಯಿಂದ ಗುಳ್ಳೆಯನ್ನೇ ಕಳೆದು, ಏನೂ ಉಳಿಯಲಿಲ್ಲವೆಂದು ಅತ್ತಿದ್ದಳು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದದ್ದು ಅಂದರೆ ಇದೇ.

ದೂರದ ಬೇರೊಂದು ಆಕಾಶದ ತುಣುಕನ್ನು ಅಳೆದು ಕಳೆದಳು. ಪರದೆಯ ಮೇಲೆ ಗುಳ್ಳೆ ಧಗಧಗನೆ ಬೆಳಗಿತು. ಅವಳಿಗೆ ನಗು ತಡೆಯಲಾಗಲಿಲ್ಲ. ಲ್ಯಾಪ್‌ಟಾಪನ್ನು ಕೂಸಿನಂತೆ ಅವಚಿಕೊಂಡು, ಬರಿಗಾಲಲ್ಲೇ ಕೆಳಗಿನ ಕೆಫೆಗೆ ಓಡಿದಳು.

ಬಾಲ್ತಸಾರ್ ಟೊಮೆಟೊ ಹಚ್ಚಿದ ಟೋಸ್ಟಿನ ಮೇಲೆ ಆಲಿವ್ ಎಣ್ಣೆ ಸುರಿಯುತ್ತಿದ್ದರು. ಅವಳು ಏದುಸಿರಿನಲ್ಲೇ ಮೂಲೆಯ ಕಥೆಯೆಲ್ಲ ಒದರಿದಳು. ಅವರು ಚಿತ್ರ ನೋಡುತ್ತಲೇ ಇದ್ದರು. ಎಣ್ಣೆ ತಟ್ಟೆ ದಾಟಿ ಮೇಜಿಗೆ ಹರಿಯಿತು.

"ನನ್ನ ತಣ್ಣನೆ ಗುಳ್ಳೆಗಳಿಗೂ ಹಿನ್ನೆಲೆ ಬೆಳಕನ್ನ ಮೂಲೆಯಿಂದಲೇ ತಗೊಂಡಿದ್ದೆ ಕಣೇ," ಎಂದರು ಮೆಲ್ಲಗೆ.

"ಹೌದು. ಅವೂ ಚೌಕಟ್ಟಿಗಿಂತ ದೊಡ್ಡವೇ," ಎಂದವಳ ನಗು ಅಲ್ಲೇ ನಿಂತಿತು. ಅವರ ಹೆಸರೆಲ್ಲ ಆ ತಣ್ಣನೆ ಗುಳ್ಳೆಗಳ ಮೇಲೇ ನಿಂತಿದೆ ಎಂದು ಅವಳಿಗೆ ಹೊಳೆದದ್ದು ಆಗಲೇ.

ಬಾಲ್ತಸಾರ್ ಎಣ್ಣೆ ಬಾಟಲಿ ಕೆಳಗಿಟ್ಟು, ಹೊಟ್ಟೆ ಹಿಡಿದುಕೊಂಡು ನಗತೊಡಗಿದರು, ಕಣ್ಣಲ್ಲಿ ನೀರು ಬರುವಷ್ಟು.

"ನಾನು ಹೇಳಿದ್ದು ತಪ್ಪು ಅಂತ ಒಂದು ಪ್ರಬಂಧ ಬರಿ, ಮಗಳೇ. ನಿನ್ನ ಹೆಸರು ಮೊದಲು ಹಾಕು. ನಂದೂ ಒಂದು ಕೊನೇಲಿ ಸೇರಿಸ್ಕೋ. ನನ್ನ ತಪ್ಪನ್ನ ಬೇರೆಯವರು ಹೇಳೋಕೆ ಮುಂಚೆ ನಾನೇ ಹೇಳ್ಬೇಕು."