ಕ್ಯಾತಣ್ಣನ ಕೇಬಲ್ಲು, ಕುಲ್ಸುಮ್‌ಳ ತಾರಸಿ

ಶಿರಾದಲ್ಲಿ ಹಾಸಿಗೆ ಅಂಗಡಿ ಇಟ್ಟುಕೊಂಡಿದ್ದ ಲಿಯಾಕತ್ ಅಲಿಗೆ ಆ ಸಂಜೆ ಒಂದೇ ಒಂದು ಫೋಟೊ ಬೇಕಿತ್ತು. ಅದರಲ್ಲಿ ನಕ್ಷತ್ರಗಳು ಗುಂಡಗಿರಬೇಕು. ಗೆರೆಗೆರೆಯಾಗಿ ಬಂದರೆ ಟೆಲಿಸ್ಕೋಪು ತಾರಸಿ ಬಿಟ್ಟು ಮೆಟ್ಟಿಲ ಕೆಳಗಿನ ಗೂಡು ಸೇರಬೇಕು ಎಂದು ಹೆಂಡತಿ ಕುಲ್ಸುಮ್ ತೀರ್ಪು ಕೊಟ್ಟಾಗಿತ್ತು. ಬೆಳಗಾದರೆ ಕೊರಟಗೆರೆಯಿಂದ ಅವಳ ಮೆಣಸಿನಕಾಯಿ ಮೂಟೆಗಳು ಬರುವುದಿದ್ದವು. ಹರವಲು ತಾರಸಿ ಪೂರ್ತಿ ಬೇಕಿತ್ತು.

ಭೂಮಿ ತಿರುಗುವುದಕ್ಕೆ ಸರಿಯಾಗಿ ಟೆಲಿಸ್ಕೋಪನ್ನು ತಿರುಗಿಸಲು ಅದರಡಿ ಮೋಟಾರಿನ ಪೀಠವೊಂದಿತ್ತು, ಮೌಂಟ್ ಅಂತ. ಮೌಂಟು ಆಗಾಗ ಎಡವುತ್ತದೆ. ಆದ್ದರಿಂದ ಪಕ್ಕದಲ್ಲಿ ಪುಟ್ಟ ಕ್ಯಾಮೆರಾ ಕೂತು ಒಂದು ನಕ್ಷತ್ರವನ್ನೇ ದಿಟ್ಟಿಸುತ್ತ, ಅದು ಜಾರಿದ ಕೂಡಲೇ ಕೇಬಲ್ ಮೂಲಕ ಮೌಂಟಿಗೆ ‘ಸ್ವಲ್ಪ ಈ ಕಡೆ ಬಾ’ ಎಂದು ಹೇಳಬೇಕು. ಆ ಕೇಬಲ್ಲನ್ನು ಲಿಯಾಕತ್ ಜಗಲಿಯ ಮೇಲೆ ಮರೆತಿದ್ದ. ಪಕ್ಕದ ಮನೆಯ ಕ್ಯಾತಣ್ಣನ ಮೇಕೆ ಅದರ ನಡುವಿನ ಒಂದು ಮೊಳ ಮೇಯ್ದಿತ್ತು.

ಕ್ಯಾತಣ್ಣ ಟೆಲಿಫೋನ್ ಲೈನ್‌ಮನ್ ಆಗಿ ನಿವೃತ್ತನಾದವನು. ಮೇಕೆಯ ಪರವಾಗಿ ನಾಚಿಕೊಂಡು ಹೊಸ ಕೇಬಲ್ ಮಾಡಿಕೊಂಡೇ ತಾರಸಿಗೆ ಬಂದ.

“ಗಂಟು ಹಾಕಿದ್ ವೈರು ವೈರೇ ಅಲ್ಲ ಭಾಯ್. ಹೊಸದೇ ಮಾಡ್ಬುಟ್ಟೆ. ಫೋನ್ ಜಾಕೇ ಅಲ್ವಾ ಇದು?”

“ನೋಡಾಕೆ ಅಂಗೇ ಐತೆ.”

ಕ್ಯಾತಣ್ಣ ಜಾಕಿಗೆ ಉಫ್ ಎಂದು ಊದಿದ. ಒಂದು ತುದಿ ಕ್ಯಾಮೆರಾಕ್ಕೆ, ಇನ್ನೊಂದು ಮೌಂಟಿಗೆ ಒತ್ತಿ, ಮೌಂಟಿಗೆ ಕಿವಿ ಹಚ್ಚಿದ. “ಗುಂಯ್ ಅಂತೈತೆ. ಲೈನ್ ಐತೆ!”

“ಅದು ಮೋಟಾರು ಕಣಣ್ಣ.”

ಕ್ಯಾಮೆರಾದಿಂದ ಲ್ಯಾಪ್‌ಟಾಪಿಗೆ ಹೋಗುವ ಇನ್ನೊಂದು ವೈರಿನ ಮೂತಿ ದೊಡ್ಡದು, ಲ್ಯಾಪ್‌ಟಾಪಿನ ಕಿಂಡಿ ಸಣ್ಣದು. ನಡುವೆ ಅಡಾಪ್ಟರ್ ಸಿಕ್ಕಿಸಿ ಲಿಯಾಕತ್ ಪರೀಕ್ಷೆ ಶುರು ಮಾಡಿದ. ಪರದೆಯಲ್ಲಿ ನಕ್ಷತ್ರ ಕಾಣಿಸಿತು. ಅದರ ಮೇಲೆ ಕೆಂಪು ಸೂಚನೆಯೂ ಬಂತು: ನಕ್ಷತ್ರ ಸಾಕಷ್ಟು ಕದಲಲಿಲ್ಲ.

ಮೆಟ್ಟಿಲು ಹತ್ತಿ ಬಂದ ಕುಲ್ಸುಮ್ ಬಗ್ಗಿ ನೋಡಿದಳು. “ಅಜೀ, ನಕ್ಷತ್ರ ಕದಲಬಾರ್ದು ಅಂತಾನೇ ಅಲ್ವಾ ಇಷ್ಟೆಲ್ಲ ವೈರು? ಕದಲಲಿಲ್ಲ ಅಂದ್ರೆ ಖುಷಿ ಪಡ್ರೀ!”

“ಮೊದ್ಲು ಬೇಕಂತಲೇ ಕದಲಿಸ್ಬೇಕು. ಯಾವ ಕಡೆ ತಳ್ಳಿದ್ರೆ ಎಷ್ಟು ಹೋಗ್ತೈತೆ ಅಂತ ಅದು ಕಲಿಯೋದು.”

“ಇನ್ನೂ ಕಲೀತಾ ಐತಾ? ಗೂಡಲ್ಲಿ ಕೂತ್ಕೊಂಡು ಕಲೀಲಿ.”

ಲಿಯಾಕತ್ ದಿಕ್ಕಿನ ಗುಂಡಿಗಳನ್ನು ಒಂದೊಂದಾಗಿ ಒತ್ತಿದ. ಪೂರ್ವ, ಪಶ್ಚಿಮ, ಉತ್ತರ, ಯಾವುದಕ್ಕೂ ಮೌಂಟು ಜಪ್ಪಯ್ಯ ಅನ್ನಲಿಲ್ಲ. ದಕ್ಷಿಣ ಅಂದಾಗ ಮಾತ್ರ ಮಿಸುಕಿತು.

“ಒಂದು ಕಡೆಗೆ ಹೋಗ್ತೈತಲ್ಲ,” ಕ್ಯಾತಣ್ಣ ಸಮಾಧಾನ ಹೇಳಿದ. “ಆ ಕಡೆ ಇರೋ ನಕ್ಷತ್ರಾನೇ ತೆಗ್ದ್‌ಬುಡು.”

ಲಿಯಾಕತ್ ಓಡಿಹೋಗಿ ಮೇಕೆ ಬಿಟ್ಟ ತುಂಡುಗಳನ್ನು ತಂದ. ಎರಡೂ ತುದಿಯ ಜಾಕನ್ನು ಪಕ್ಕಪಕ್ಕ ಒಂದೇ ಮಗ್ಗುಲಿಗೆ ಹಿಡಿದ. ಒಳಗಿನ ಬಣ್ಣದ ವೈರುಗಳು ಎರಡರಲ್ಲೂ ಒಂದೇ ಸಾಲಿನಲ್ಲಿದ್ದವು. ಕ್ಯಾತಣ್ಣನ ಕೇಬಲ್ಲಿನಲ್ಲಿ ಒಂದು ತುದಿಯ ಸಾಲು ಇನ್ನೊಂದರ ತಿರುವುಮುರುವು.

“ಉಲ್ಟಾ ಹಾಕಿದ್ದೀಯಲ್ಲಣ್ಣ!”

“ಫೋನಿಗೆ ಇಂಗೇ ಕಣ್ ಭಾಯ್! ಇಷ್ಟು ವರ್ಷದಲ್ಲಿ ಒಬ್ರೂ ಕಂಪ್ಲೇಂಟ್ ಮಾಡಿಲ್ಲ.”

“ಫೋನಿಗೆ ನಡುವಿನ ಎರಡು ವೈರು ಸಾಕು, ಉಲ್ಟಾ ಆದ್ರೂ ಮಾತು ಹೋಗ್ತೈತೆ. ಇಲ್ಲಿ ಒಂದೊಂದು ದಿಕ್ಕಿಗೆ ಒಂದೊಂದು ವೈರು.”

ಕ್ಯಾತಣ್ಣ ಗೊಣಗುತ್ತಲೇ ಒಂದು ತುದಿ ಕತ್ತರಿಸಿ, ಇಕ್ಕಳದಲ್ಲಿ ಹೊಸ ಜಾಕು ಒತ್ತಿದ. ಈ ಸಲ ನಾಲ್ಕೂ ದಿಕ್ಕಿಗೆ ಮೌಂಟು ಮಾತು ಕೇಳಿತು. ಲಿಯಾಕತ್ ಮಹಾವ್ಯಾಧ ನಕ್ಷತ್ರಪುಂಜದ ನೀಹಾರಿಕೆಗೆ ಗುರಿಯಿಟ್ಟು ಫೋಟೊ ತೆಗೆದ.

ಕುಲ್ಸುಮ್ ಅದನ್ನು ದೊಡ್ಡದು ಮಾಡಿ ಮಾಡಿ ನೋಡಿದಳು. ರೊಟ್ಟಿಯ ಅಂಚು ನೋಡುವಂತೆ ಒಂದೊಂದು ನಕ್ಷತ್ರದ ಸುತ್ತ ಬೆರಳಾಡಿಸಿದಳು.

“ಗುಂಡಗೈತೆ,” ಎಂದಳು, ಮನಸ್ಸಿಲ್ಲದ ಮನಸ್ಸಿನಿಂದ. ಆಮೇಲೆ ಪರದೆಯ ಮೂಲೆಯಲ್ಲಿ ಏರಿಳಿಯುತ್ತಿದ್ದ ಗೆರೆಯತ್ತ ಬೆರಳು ಮಾಡಿದಳು. “ಇದೇನು?”

“ನಕ್ಷತ್ರ ಜಾರೋದು, ಮೌಂಟು ಹಿಡಿಯೋದು.”

“ಅಗೋ, ಮೇಲೆ ಹೋಯ್ತು! ಬಾ ಕೆಳಗೆ… ಶಾಬಾಷ್!” ಕುಲ್ಸುಮ್ ಕುರ್ಚಿ ಎಳೆದುಕೊಂಡಳು. “ಕ್ಯಾತಣ್ಣ, ಮೆಣಸಿನಕಾಯಿಗೆ ನಿಮ್ ಮಾಳಿಗೆ ಬೇಕು. ಮೇಕೆ ಕಟ್ಟಿಹಾಕು. ಅಜೀ, ನೀವು ಹೋಗಿ ಅನ್ನಕ್ಕಿಡಿ.”

ತಾರಸಿ ಉಳಿದ ಸಂತೋಷಕ್ಕೆ ಲಿಯಾಕತ್ ಅಕ್ಕಿ ತೊಳೆಯಲು ಹೋದ. ಅನ್ನ ಬಸಿದು, ಇನ್ನಾದರೂ ತನ್ನ ಟೆಲಿಸ್ಕೋಪು ಮುಟ್ಟೋಣವೆಂದು ಮೆಟ್ಟಿಲು ಹತ್ತತೊಡಗಿದಾಗ ಮೇಲಿನಿಂದ ಗದರಿಕೆ ಕೇಳಿಸಿತು:

“ಮೆಲ್ಲಗೆ ಹತ್ರೀ! ಗೆರೆ ಅಲ್ಲಾಡ್ತೈತೆ!”